ಗೋಪುರ ಲಾಂಛನಕ್ಕೆ, ಕೆರೆ ಬಸ್ ನಿಲ್ದಾಣಕ್ಕೆ!



ನವೆಂಬರ್ ಬಂತೆಂದರೆ ನಗರಗೆರೆಯಂಥ ಗಡಿ ಊರಿನ ನನ್ನ ಪ್ರೆಸ್ಸಿನಲ್ಲೂ ಕೆಂಪೇಗೌಡರ ಗೋಪುರವಿಲ್ಲದೆ ಕರಪತ್ರ ಅಚ್ಚಾಗುವುದಿಲ್ಲ. ಆ ಗೋಪುರ ಎಲ್ಲಿದೆ ಎಂದು ಮಾಡಿಸುವವರನ್ನು ಕೇಳಿ. "ಲಾಲ್‌ಬಾಗ್ ಬಂಡೆ ಮೇಲೆ ಒಂದಿದೆಯಲ್ಲ ಸಾರ್" ಎನ್ನುತ್ತಾರೆ. ಒಂದಲ್ಲ ಸ್ವಾಮಿ, ನಾಲ್ಕು! ಉತ್ತರಕ್ಕೆ ಮೇಖ್ರಿ ವೃತ್ತದ ಬಳಿ, ಪೂರ್ವಕ್ಕೆ ಹಲಸೂರು ಕೆರೆ, ಪಶ್ಚಿಮಕ್ಕೆ ಕೆಂಪಾಂಬುಧಿ ಕೆರೆ, ದಕ್ಷಿಣಕ್ಕೆ ಲಾಲ್‌ಬಾಗ್.

1537ರಲ್ಲಿ ಬೆಂಗಳೂರು ಕಟ್ಟಿದವರು ಹಿರಿಯ ಕೆಂಪೇಗೌಡರು. ಗೋಪುರ ಎಬ್ಬಿಸಿದವರು ಇಮ್ಮಡಿ ಕೆಂಪೇಗೌಡರೆಂದು ಹೆಚ್ಚಿನವರ ಮಾತು. ಲಾಲ್‌ಬಾಗಿನದು ಹತ್ತಿ ನೋಡುವ ಗೋಪುರವಲ್ಲ. ಕಲ್ಲುಕಂಬದ ಪುಟ್ಟ ಮಂಟಪ, ಮೇಲೊಂದು ಶಿಖರ. ಸುಮಾರು 300 ಕೋಟಿ ವರ್ಷದ ಆ ಬಂಡೆಯೇ ಕಾವಲಿಗೆ ಬೇಕಾದ ಎತ್ತರ ಕೊಟ್ಟಿತ್ತು.

ಊರು ಈ ಗೋಪುರಗಳನ್ನು ದಾಟಿದರೆ ಕೇಡು ಎಂದು ಭವಿಷ್ಯ ನುಡಿದಿದ್ದರಂತೆ. ಈ ಕತೆ ಎಲ್ಲರಿಗೂ ಬಲು ಇಷ್ಟ. ಯಾಕೆ ಗೊತ್ತೇ? ಇಂದಿನ ಕೇಡನ್ನು ಹಣೆಬರಹದ ತಲೆಗೆ ಕಟ್ಟಬಹುದು, ಕೆರೆ ನುಂಗಿದವರ ಹೆಸರು ಎತ್ತಬೇಕಿಲ್ಲ!

ನಾಲ್ಕರಲ್ಲಿ ಎರಡು ಗೋಪುರ ಕೆರೆಯ ಬಳಿಯೇ ಇವೆ. ಊರು ಕಟ್ಟಿದವರು ನೀರನ್ನೂ ಕಟ್ಟಿದರು. ಅವರ ಧರ್ಮಾಂಬುಧಿ ಕೆರೆ ಎಲ್ಲಿ? ಮೆಜೆಸ್ಟಿಕ್ಕಿನಲ್ಲಿ ನೀವು ಬಸ್ಸಿಗೆ ಕಾಯುವ ನೆಲವೇ ಆ ಕೆರೆಯ ಅಂಗಳ. ಕೆರೆ ಹೂತು, ಅದರ ಮೇಲೆ ಕೆರೆ ಕಟ್ಟಿಸಿದವರ ಹೆಸರಿನ ಬೋರ್ಡು! ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. 2022ರ ನವೆಂಬರ್ 11ರಂದು ವಿಮಾನ ನಿಲ್ದಾಣದಲ್ಲಿ 108 ಅಡಿ ಪ್ರತಿಮೆ ಅನಾವರಣವಾಯಿತು. 98 ಟನ್ ಕಂಚು, 120 ಟನ್ ಉಕ್ಕು. ಬೇಡವೆನ್ನುವುದಿಲ್ಲ, ನಾನೂ ಹೆಮ್ಮೆಪಟ್ಟವನೇ. ಆದರೆ ಒಂದು ಕೆರೆಗಾದರೂ ಅಷ್ಟು ಸಂಭ್ರಮ ಕಂಡಿರಾ?

ಯಲಹಂಕ ಪ್ರಭುಗಳ ಬೇರು ಆವತಿಯಲ್ಲಿದೆ. ಆವತಿಯ ಇನ್ನೊಂದು ಕವಲು ಚಿಕ್ಕಬಳ್ಳಾಪುರ ಕಟ್ಟಿತು. ಅಂದರೆ ನಾವು ನಿಮಗೆ ದಾಯಾದಿಗಳು! ದಾಯಾದಿಗೆ ಬೆಂಗಳೂರು ಕಳಿಸುತ್ತಿರುವುದೇನು? ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಕೊಳವೆಯಲ್ಲಿ, ತಾನು ಬಳಸಿ ಬಿಟ್ಟ ಕೊಳಚೆಯನ್ನು ಎರಡೇ ಹಂತ ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ! ಮೂರನೇ ಹಂತವನ್ನೂ ಮಾಡಿ ಎಂದು ಕೂಗಿ ಕೂಗಿ ಇಲ್ಲಿಯ ಹೋರಾಟಗಾರರ ಗಂಟಲು ಕಟ್ಟಿದೆ.

ಬಾವುಟ ಕಟ್ಟಿ ಬೈಕ್ ರ‍್ಯಾಲಿ ಹೊರಡುತ್ತೀರಲ್ಲ, ಈ ಸಲ ನಾಲ್ಕೂ ಗೋಪುರಗಳ ದಾರಿ ಹಿಡಿಯಿರಿ. ಕೆಂಪಾಂಬುಧಿ ದಂಡೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಆಮೇಲೆ ನಿಮ್ಮ ಬಡಾವಣೆಯ ಕೆರೆ ದಾಖಲೆಯಲ್ಲಿ ಎಷ್ಟು ಎಕರೆ, ಇಂದು ಉಳಿದಿರುವುದೆಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅರ್ಜಿ ಕನ್ನಡದಲ್ಲಿರಲಿ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ಅಲ್ಲಿಗೇ ವಾಪಸ್ ಕಳಿಸಿ!