ಹೀರೋ ಅಳ್ತಾನೆ, ಬೆಲೆ ತೆರೋದು ಯಾರು?

ಮಾರ್ವೆಲ್ ಅಭಿಮಾನಿಗಳ ನಡುವೆ ಒಂದು ವಾದ ಇವತ್ತಿಗೂ ಮುಗಿದಿಲ್ಲ. ‘ವಾಂಡಾವಿಷನ್’ ಮೇಲೋ, ‘ಲೋಕಿ’ ಮೇಲೋ? ಮಧ್ಯೆ ಯಾರಾದರೂ ‘ದಿ ಫಾಲ್ಕನ್ ಆ್ಯಂಡ್ ದಿ ವಿಂಟರ್ ಸೋಲ್ಜರ್’ ಹೆಸರು ಎತ್ತಿದರೆ, ‘ಹ್ಞೂಂ, ಅದೂ ಒಂದಿದೆ’ ಅಂತ ಉಳಿದವರು ಮುಂದಕ್ಕೆ ಹೋಗ್ತಾರೆ. ಮೂರೂ ಶುರುವಾಗಿದ್ದು 2021ರಲ್ಲೇ. ಜನವರಿಯಲ್ಲಿ ವಾಂಡಾ, ಮಾರ್ಚ್‌ನಲ್ಲಿ ಫಾಲ್ಕನ್, ಜೂನ್‌ನಲ್ಲಿ ಲೋಕಿ.

ಹೋಲಿಸುವಾಗ ನಾವು ಸಾಮಾನ್ಯವಾಗಿ ಫೈಟ್, ಗ್ರಾಫಿಕ್ಸ್, ಕೊನೇಲಿ ಬರೋ ಸರ್‌ಪ್ರೈಸ್‌ಗಳ ಲೆಕ್ಕ ಹಾಕ್ತೀವಿ. ಈ ವಾರ ಬೇರೆ ಅಳತೆಗೋಲು ಹಿಡಿಯೋಣ. ಮೂರೂ ಕಥೆ ಶುರುವಾಗೋದು ಒಂದು ದೊಡ್ಡ ನಷ್ಟದಿಂದ. ಹೀರೋಗೆ ನೋವಾಗಿದೆ, ಒಪ್ಪೋಣ. ಆದರೆ ಆ ನೋವಿಗೆ ಬೆಲೆ ತೆರೋದು ಯಾರು?

ಇನ್ನೂ ನೋಡಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. ಮೂರರ ಕ್ಲೈಮ್ಯಾಕ್ಸ್ ಕೂಡ ಇಲ್ಲಿದೆ.

ವಾಂಡಾ: ತೆತ್ತಿದ್ದು ಇಡೀ ಊರು

2018ರ ‘ಇನ್ಫಿನಿಟಿ ವಾರ್’ ನೆನಪಿದೆಯಲ್ಲ? ಮೈಂಡ್ ಸ್ಟೋನ್ ಥಾನೋಸ್ ಕೈಗೆ ಸಿಗಬಾರದು ಅಂತ ವಾಂಡಾ ತಾನು ಪ್ರೀತಿಸಿದ ವಿಷನ್‌ನನ್ನು ತನ್ನ ಕೈಯಾರೆ ಕೊಲ್ತಾಳೆ. ಥಾನೋಸ್ ಕಾಲವನ್ನೇ ಹಿಂದಕ್ಕೆ ತಿರುಗಿಸಿ, ಅವನನ್ನು ಬದುಕಿಸಿ, ಮತ್ತೆ ಕೊಲ್ತಾನೆ. ಎಲ್ಲ ಸೇರಿ ಕೆಲವೇ ನಿಮಿಷ. ಅಳೋಕೆ ಅವಳಿಗೆ ಸಿನಿಮಾದಲ್ಲಿ ಪುರುಸೊತ್ತೇ ಸಿಗಲಿಲ್ಲ.

ಆ ಪುರುಸೊತ್ತು ಸಿಕ್ಕಿದ್ದು ಸರಣಿಯಲ್ಲಿ, ಒಂಬತ್ತು ಎಪಿಸೋಡ್‌ಗಳಷ್ಟು. ಮೊದಲ ಎಪಿಸೋಡ್ ಕಪ್ಪು-ಬಿಳುಪು. ಹಳೇ ಅಮೆರಿಕನ್ ಕಾಮಿಡಿ ಧಾರಾವಾಹಿಗಳ ಹಾಗೆ ಪ್ರೇಕ್ಷಕರನ್ನು ಕೂರಿಸಿಯೇ ಚಿತ್ರೀಕರಿಸಿದ್ದು. ಆಮೇಲೆ ದಶಕ ದಾಟಿದ ಹಾಗೆ ಬಣ್ಣ, ಬಟ್ಟೆ, ಜೋಕು ಎಲ್ಲ ಬದಲಾಗುತ್ತೆ. ಇದು ಬರೀ ಗಿಮಿಕ್ ಅಲ್ಲ ಅಂತ ಗೊತ್ತಾಗೋದು ಎಂಟನೇ ಎಪಿಸೋಡ್‌ನಲ್ಲಿ. ಯುದ್ಧ ನಡೀತಿದ್ದ ಸೊಕೋವಿಯಾದಲ್ಲಿ ಪುಟ್ಟ ವಾಂಡಾ ಅಪ್ಪ, ಅಮ್ಮ, ಅಣ್ಣನ ಜೊತೆ ಕೂತು ಇಂಥದ್ದೇ ಧಾರಾವಾಹಿಯ ಡಿವಿಡಿ ನೋಡ್ತಿರ್ತಾಳೆ. ಬಾಂಬ್ ಬಿದ್ದಾಗಲೂ ಟಿವಿ ಓಡ್ತಾನೇ ಇರುತ್ತೆ. ಮನೆ ಅಂದ್ರೆ ಅವಳಿಗೆ ಅದೇ. ಅದಕ್ಕೇ ವೆಸ್ಟ್‌ವ್ಯೂ ಅನ್ನೋ ಊರನ್ನು ಮಾಯೆಯಲ್ಲಿ ಮುಚ್ಚಿ, ವಿಷನ್‌ನನ್ನು ಮತ್ತೆ ಸೃಷ್ಟಿಸಿ, ಇಬ್ಬರು ಮಕ್ಕಳ ತಾಯಿಯಾಗಿ ಧಾರಾವಾಹಿಯೊಳಗೇ ಸಂಸಾರ ಹೂಡ್ತಾಳೆ.

ದುಃಖವನ್ನು ಇಷ್ಟು ಹತ್ತಿರದಿಂದ ತೋರಿಸಿದ ಸೂಪರ್‌ಹೀರೋ ಕಥೆ ಅಪರೂಪ. ಎಲಿಜಬೆತ್ ಓಲ್ಸನ್ ನಟನೆಗೆ ಎರಡು ಮಾತಿಲ್ಲ. ಆದರೆ ಆ ಊರಲ್ಲಿ ನಿಜವಾದ ಜನ ಇದ್ದಾರೆ. ಪಕ್ಕದ ಮನೆಯವರ ಪಾತ್ರ ಮಾಡ್ತಿರೋರು ಬಂಧಿಗಳು. ಕೊನೇ ಎಪಿಸೋಡ್‌ನಲ್ಲಿ ಅವರು ಅವಳನ್ನು ಸುತ್ತುವರಿದು, ನಿದ್ದೆಯಲ್ಲಿ ನಮಗೆ ಬೀಳೋದು ನಿನ್ನದೇ ಕೆಟ್ಟ ಕನಸು ಅಂತಾರೆ. ಬಿಡೋಕಾಗದಿದ್ರೆ ಸಾಯೋಕಾದ್ರೂ ಬಿಡು ಅಂತ ಬೇಡ್ಕೋತಾರೆ.

ವಾಂಡಾ ಮಾಯೆ ತೆಗೀತಾಳೆ. ಗಂಡ, ಮಕ್ಕಳು ಕರಗಿ ಹೋಗ್ತಾರೆ. ಅವಳ ಮಟ್ಟಿಗೆ ಅದೂ ದೊಡ್ಡ ಬೆಲೆಯೇ. ಆದರೆ ಆಮೇಲೆ ಮೋನಿಕಾ ರಾಂಬೋ ಬಂದು, ನೀನು ಏನು ತ್ಯಾಗ ಮಾಡಿದೆ ಅಂತ ಈ ಜನಕ್ಕೆ ಗೊತ್ತೇ ಆಗಲ್ಲ ಅನ್ನೋ ಅರ್ಥದ ಸಮಾಧಾನ ಹೇಳ್ತಾಳೆ. ಕೂಡಿ ಹಾಕಿದವರು ಬೀಗ ತೆಗೆದಿದ್ದನ್ನೇ ತ್ಯಾಗ ಅಂದ ಹಾಗಾಯ್ತು. ಎಂಟು ಎಪಿಸೋಡ್ ಅಷ್ಟು ಪ್ರಾಮಾಣಿಕವಾಗಿದ್ದ ಕಥೆ ಇಲ್ಲಿ ಕಣ್ಣು ತಪ್ಪಿಸಿಬಿಡ್ತು.

ಸ್ಯಾಮ್: ಹಳೇ ಬಾಕಿಯ ಗುರಾಣಿ

ಎರಡನೇದರಲ್ಲಿ ದುಃಖ ಇರೋದು ಒಂದು ವಸ್ತುವಿನ ರೂಪದಲ್ಲಿ. ‘ಎಂಡ್‌ಗೇಮ್’ ಕೊನೆಯಲ್ಲಿ ಮುದುಕನಾದ ಸ್ಟೀವ್ ರೋಜರ್ಸ್ ತನ್ನ ಗುರಾಣಿಯನ್ನು ಸ್ಯಾಮ್ ವಿಲ್ಸನ್ ಕೈಗೆ ಕೊಡ್ತಾನೆ. ಇದು ನನ್ನದಲ್ಲ ಅಂತ ಸ್ಯಾಮ್ ಅದನ್ನು ಮ್ಯೂಸಿಯಂಗೆ ಒಪ್ಪಿಸ್ತಾನೆ. ಸರ್ಕಾರ ಅದನ್ನು ತೆಗೆದು ಜಾನ್ ವಾಕರ್ ಅನ್ನೋ ಸೈನಿಕನಿಗೆ ಕೊಡುತ್ತೆ.

ಮೊದಲ ಎಪಿಸೋಡ್‌ನ ಒಂದು ದೃಶ್ಯ ನಮ್ಮಂಥವರಿಗೆ ಚೆನ್ನಾಗಿ ಅರ್ಥವಾಗುತ್ತೆ. ಲೂಸಿಯಾನಾದಲ್ಲಿ ಅಪ್ಪ-ಅಮ್ಮ ಬಿಟ್ಟುಹೋದ ದೋಣಿ ಉಳಿಸ್ಕೊಳ್ಳೋಕೆ ಸ್ಯಾಮ್ ತಂಗಿ ಸಾರಾ ಜೊತೆ ಬ್ಯಾಂಕ್‌ಗೆ ಸಾಲಕ್ಕೆ ಹೋಗ್ತಾನೆ. ಅಲ್ಲಿನವನಿಗೆ ಅವನು ಅವೆಂಜರ್ ಅಂತ ಗೊತ್ತು, ಖುಷಿಯೂ ಆಗುತ್ತೆ. ಆದರೆ ಐದು ವರ್ಷದಿಂದ ಆದಾಯ ಎಲ್ಲಿದೆ? ಲೋನ್ ಇಲ್ಲ. ಥಾನೋಸ್ ಚಿಟಿಕೆಗೆ ಮಾಯವಾಗಿದ್ದವನು ಸ್ಯಾಲರಿ ಸ್ಲಿಪ್ ಎಲ್ಲಿಂದ ತರಬೇಕು?

ಸರಣಿಯ ನಿಜವಾದ ಜೀವ ಐಸಾಯಾ ಬ್ರಾಡ್ಲಿ ಅನ್ನೋ ಅಜ್ಜ. ಸ್ಟೀವ್‌ಗೆ ಕೊಟ್ಟಂಥದ್ದೇ ಸೀರಮ್ ಚುಚ್ಚಿಸಿಕೊಂಡ ಕಪ್ಪು ಸೈನಿಕ. ಸ್ಟೀವ್‌ಗೆ ಸಿಕ್ಕಿದ್ದು ಮೆರವಣಿಗೆ. ಈ ಅಜ್ಜನಿಗೆ ಸಿಕ್ಕಿದ್ದು 30 ವರ್ಷ ಜೈಲು, ಮೈಮೇಲೆ ಪ್ರಯೋಗ. ಈ ಪಾತ್ರ ಬಂದಿದ್ದು 2003ರ ‘ಟ್ರೂತ್’ ಕಾಮಿಕ್ಸ್‌ನಿಂದ. ಅದರ ಹಿಂದಿದ್ದಿದ್ದು ಟಸ್ಕಿಗೀಯ ನಿಜ ಇತಿಹಾಸ. ಅಲಬಾಮಾದ ಆ ಊರಲ್ಲಿ 1932ರಿಂದ 1972ರವರೆಗೆ ಸರ್ಕಾರಿ ವೈದ್ಯರೇ ನೂರಾರು ಕಪ್ಪು ಜನರ ಸಿಫಿಲಿಸ್‌ಗೆ ಔಷಧಿ ಕೊಡದೆ, ರೋಗ ಹೇಗೆ ಬೆಳೆಯುತ್ತೆ ಅಂತ ನೋಡ್ತಾ ಕೂತಿದ್ದರು.

ಅಂದ್ರೆ ಆ ಗುರಾಣಿಯ ಹೊಳಪಿಗೆ ಬೆಲೆ ತೆತ್ತವರು ಬೇರೆಯೇ ಇದ್ದಾರೆ. ಇದನ್ನು ತಿಳ್ಕೊಂಡ ಮೇಲೂ ಸ್ಯಾಮ್ ಅದನ್ನು ಎತ್ತಿಕೊಳ್ಳಬೇಕಾ? ಮೂರೂ ಸರಣಿಗಳಲ್ಲಿ ಇಷ್ಟು ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. ಉತ್ತರ ಮಾತ್ರ ಸಪ್ಪೆ. ಕೊನೆಯಲ್ಲಿ ಸ್ಯಾಮ್ ಬೀದಿಯಲ್ಲಿ ನಿಂತು ರಾಜಕಾರಣಿಗಳಿಗೆ ಉದ್ದದ ಭಾಷಣ ಮಾಡ್ತಾನೆ. ಅಜ್ಜನಿಗೆ ಮ್ಯೂಸಿಯಂನಲ್ಲಿ ಒಂದು ಪ್ರತಿಮೆ ಏಳುತ್ತೆ. ಪ್ರತಿಮೆ ಮುಂದೆ ಅವರ ಕಣ್ಣು ತುಂಬಿದಾಗ ನಮ್ಮ ಕಣ್ಣೂ ತುಂಬುತ್ತೆ, ನಿಜ. ಆದರೆ 30 ವರ್ಷದ ಬಾಕಿ ಪ್ರತಿಮೆಯಿಂದ ತೀರುತ್ತಾ? 2025ರ ‘ಬ್ರೇವ್ ನ್ಯೂ ವರ್ಲ್ಡ್’ ಸಿನಿಮಾದಲ್ಲಂತೂ ಅದೇ ಅಜ್ಜನನ್ನು ಮತ್ತೊಮ್ಮೆ ಜೈಲಿಗೆ ಕಳಿಸ್ತಾರೆ.

ಲೋಕಿ: ಬಿಲ್ ತನ್ನ ಹೆಸರಿಗೇ

ಲೋಕಿ ಇಷ್ಟರವರೆಗೆ ತನ್ನ ನೋವನ್ನು ಬೇರೆಯವರ ಮೇಲೆ ಸುರಿದವನು. ಅಪ್ಪ ಅಣ್ಣನನ್ನೇ ಜಾಸ್ತಿ ಪ್ರೀತಿಸಿದ ಅನ್ನೋ ಸಂಕಟಕ್ಕೆ 2012ರಲ್ಲಿ ನ್ಯೂಯಾರ್ಕ್ ಬೆಲೆ ತೆತ್ತಿತ್ತು. ಸರಣಿಯ ಲೋಕಿ ಆ ಘಟನೆಯ ಬೆನ್ನಿಗೇ ತಪ್ಪಿಸ್ಕೊಂಡು ಬಂದವನು. ಹಾಗಾಗಿ ಇನ್ನೂ ಮಾಗಿಲ್ಲ. ಕಾಲದ ಲೆಕ್ಕ ಇಡೋ ಟಿವಿಎ ಅನ್ನೋ ಆಫೀಸ್‌ನಲ್ಲಿ ಅವನಿಗೆ ಅವನದೇ ಮುಂದಿನ ಬದುಕಿನ ರೀಲ್ ಹಾಕಿ ತೋರಿಸ್ತಾರೆ. ಅಮ್ಮನ ಸಾವು, ಆಮೇಲೆ ತನ್ನದೇ ಸಾವು. ನೋಡ್ತಾ ನೋಡ್ತಾ ಅವನ ಕೊಬ್ಬೆಲ್ಲ ಇಳಿದುಹೋಗುತ್ತೆ.

2023ರ ಅಕ್ಟೋಬರ್‌ನಲ್ಲಿ ಬಂದ ಎರಡನೇ ಸೀಸನ್‌ನಲ್ಲಿ ಸಮಸ್ಯೆ ಇಲ್ಲ ಅಂತಲ್ಲ. ಮಧ್ಯದಲ್ಲಿ ಯಂತ್ರ, ಮಗ್ಗ, ಕಾಲರೇಖೆ ಅಂತ ಮಾತಾಡಿ ಮಾತಾಡಿ ತಲೆ ಚಿಟ್ಟು ಹಿಡಿಸ್ತಾರೆ. ಆದರೆ ಕೊನೇ ಎಪಿಸೋಡ್ ನೋಡಿ. ಎಲ್ಲ ಲೋಕಗಳೂ ನಾಶವಾಗ್ತಿವೆ. ಲೋಕಿ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಪ್ರಯತ್ನಿಸ್ತಾನೆ, ಮತ್ತೆ ಮತ್ತೆ ಸೋಲ್ತಾನೆ. ಯಂತ್ರ ರಿಪೇರಿ ಕಲಿಯೋಕೇ ಶತಮಾನಗಳು ಹಿಡಿಯುತ್ತೆ. ಸಿಲ್ವಿಯನ್ನು ಕೊಂದರೆ ಕೆಲಸ ಸುಲಭ ಅನ್ನೋ ದಾರಿಯೂ ಎದುರಿಗಿರುತ್ತೆ. ಅವನು ಅದನ್ನು ಬಿಟ್ಟು, ಯಂತ್ರವನ್ನೇ ಒಡೆದು, ಸಾಯ್ತಿರೋ ಕಾಲದ ಎಳೆಗಳನ್ನು ಎರಡೂ ಕೈಯಲ್ಲಿ ಹಿಡಿದು, ಶೂನ್ಯದ ನಡುವೆ ಒಬ್ಬನೇ ಹೋಗಿ ಕೂರ್ತಾನೆ. ಜೀವನವಿಡೀ ಸಿಂಹಾಸನ ಕೇಳಿದವನಿಗೆ ಸಿಂಹಾಸನ ಸಿಕ್ತು. ಏಳೋ ಹಾಗಿಲ್ಲ, ನೋಡೋಕೆ ಯಾರೂ ಇಲ್ಲ. ಮೊದಲ ಸೀಸನ್‌ನ ಮೊದಲ ಎಪಿಸೋಡ್‌ಗೂ ಎರಡನೇ ಸೀಸನ್‌ನ ಈ ಕೊನೇ ಎಪಿಸೋಡ್‌ಗೂ ಒಂದೇ ಹೆಸರು: ‘ಗ್ಲೋರಿಯಸ್ ಪರ್ಪಸ್’. ಮೊದಲು ಅದು ಜಂಬವಾಗಿತ್ತು, ಕೊನೆಗೆ ಹೊಣೆಯಾಯ್ತು.

ಹಾಗಾದ್ರೆ ಯಾವುದು?

ನನ್ನ ಓಟು ‘ಲೋಕಿ’ಗೆ. ಅದರ ಅಂತ್ಯ ಮುಂದಿನ ಸಿನಿಮಾದ ಟ್ರೇಲರ್ ಥರ ಇಲ್ಲ ಅನ್ನೋದು ಒಂದು ಕಾರಣ. ತನ್ನ ನೋವಿನ ಬಿಲ್ ತಾನೇ ಕಟ್ಟಿದ್ದು ಈ ಮೂವರಲ್ಲಿ ಅವನೊಬ್ಬನೇ ಅನ್ನೋದು ಇನ್ನೊಂದು.

ಇದು ಬರೀ ಮಾಯಾಜಾಲದ ಮಾತಲ್ಲ. ಮನೇಲಿ ಒಬ್ಬರು ದುಃಖದಲ್ಲಿದ್ದರೆ ಉಳಿದವರೆಲ್ಲ ತುದಿಗಾಲಲ್ಲಿ ಓಡಾಡೋದು, ಆಫೀಸ್‌ನಲ್ಲಿ ಬಾಸ್‌ನ ಬೇಜಾರಿಗೆ ಟೀಮ್ ಪೂರ್ತಿ ಬೈಸ್ಕೊಳ್ಳೋದು ನಾವೆಲ್ಲ ಕಂಡಿದ್ದೇ. ನೋವಲ್ಲಿರೋರಿಗೆ ಜಾಗ ಕೊಡಬೇಕು, ಖಂಡಿತ. ಆದರೆ ಆ ಜಾಗದಲ್ಲಿ ಬೇರೆಯವರೂ ವಾಸ ಮಾಡ್ತಿರ್ತಾರೆ.

ಒಂದೇ ವೀಕೆಂಡ್ ಇದ್ರೆ ‘ವಾಂಡಾವಿಷನ್’ ಮುಗಿಸಬಹುದು. ಎರಡಿದ್ರೆ ‘ಲೋಕಿ’ ಸೇರಿಸಿ. ‘ಫಾಲ್ಕನ್’ಗೆ ಟೈಮ್ ಇಲ್ಲದಿದ್ರೂ ಐಸಾಯಾ ಅಜ್ಜ ಬಾಯಿಬಿಟ್ಟು ಮಾತಾಡೋ ಐದನೇ ಎಪಿಸೋಡ್ ಮಾತ್ರ ಬಿಡಬೇಡಿ. ಈಗಾಗಲೇ ಎಲ್ಲ ನೋಡಿರೋರು ಒಂದು ಕೆಲಸ ಮಾಡಿ. ‘ವಾಂಡಾವಿಷನ್’ ಕೊನೆಯಲ್ಲಿ ವಾಂಡಾ ಊರಿನ ನಡುವೆ ನಡ್ಕೊಂಡು ಹೋಗೋ ದೃಶ್ಯ ಇನ್ನೊಮ್ಮೆ ಹಾಕಿ. ಈ ಸಲ ಅವಳನ್ನಲ್ಲ, ಅಕ್ಕಪಕ್ಕ ನಿಂತವರ ಮುಖ ನೋಡಿ.