ಮನೆ ಹಿಂದಿನ ಕನ್ಸರ್ವೆನ್ಸಿ ಲೇನ್ ಯಾಕೆ ಪಾಠ ಆಗಲ್ಲ?

ಫ್ರೇಜರ್ ಟೌನ್, ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್ ಕಡೆ ಹಳೇ ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಇರುತ್ತೆ. ಅದೇ ಕನ್ಸರ್ವೆನ್ಸಿ ಲೇನ್. ಈಗ ಅಲ್ಲಿ ಕಸದ ಮೂಟೆ, ಒಡೆದ ಮನೆಯ ಮಣ್ಣು, ಯಾರೋ ನಿಲ್ಲಿಸಿದ ಬೈಕು. 1898ರ ಪ್ಲೇಗ್ ಆದ್ಮೇಲೆ ಕಟ್ಟಿದ ಬಡಾವಣೆಗಳಲ್ಲಿ ಈ ಗಲ್ಲಿ ಬಿಟ್ಟಿದ್ದು ಯಾಕೆ ಗೊತ್ತಾ? ಮನೆ ಪಾಯಿಖಾನೆಯ ಮಲ ತುಂಬಿಕೊಂಡು ಹೋಗೋರು ಮುಂಬಾಗಿಲ ರಸ್ತೆಗೆ ಬರಬಾರದು ಅಂತ. ಅಂದ್ರೆ ನಕ್ಷೆ ಬರೆಯುವಾಗಲೇ ಕೆಲವರಿಗೆ ಹಿಂದಿನ ದಾರಿ ಅಂತ ತೀರ್ಮಾನ ಆಗಿತ್ತು.

ನಮ್ಮ ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನದಲ್ಲಿ ಅಸ್ಪೃಶ್ಯತೆ ಬಗ್ಗೆ ಪಾಠ ಇದೆ. ಸಂವಿಧಾನದ 17ನೇ ವಿಧಿ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾಗಿದ್ದು. ಮಕ್ಕಳು ಇಸವಿ ಬಾಯಿಪಾಠ ಮಾಡ್ತಾರೆ, ಎರಡು ಮಾರ್ಕ್ಸ್ ತಗೋತಾರೆ. ಸ್ಕೂಲ್ ಕಾಂಪೌಂಡಿನ ಹಿಂದಿನ ಗಲ್ಲಿಗೂ ಆ ಇಸವಿಗೂ ಸಂಬಂಧ ಇದೆ ಅಂತ ಹೇಳೋರಿಲ್ಲ.

ಜಗಳ ಮಾತ್ರ ಜೋರಾಗೇ ನಡೀತು. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ ಬಂತು. ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿ ಅಂಬೇಡ್ಕರ್ ಹೆಸರಿನ ಜೊತೆಗಿದ್ದ 'ಸಂವಿಧಾನ ಶಿಲ್ಪಿ' ಅನ್ನೋ ಮಾತು ಬಿಟ್ಟುಹೋಗಿ ದೊಡ್ಡ ಗಲಾಟೆ ಆಯ್ತು, ಆಮೇಲೆ ವಾಪಸ್ ಸೇರಿಸ್ತೀವಿ ಅಂತ ಸರ್ಕಾರ ಹೇಳ್ತು. ದೇವನೂರ ಮಹಾದೇವ ತಮ್ಮ ಪಾಠವೇ ಬೇಡ ಅಂದರು. 2023ರ ಜೂನ್‌ನಲ್ಲಿ ಹೊಸ ಸರ್ಕಾರ ಹೆಡಗೇವಾರ್, ಸಾವರ್ಕರ್ ಪಾಠ ತೆಗೆದು ಸಾವಿತ್ರಿಬಾಯಿ ಫುಲೆ ಪಾಠ ವಾಪಸ್ ತಂತು. ಅಷ್ಟರಲ್ಲಿ ಪುಸ್ತಕ ಪ್ರಿಂಟ್ ಆಗಿದ್ದರಿಂದ ಪೂರಕ ಪಠ್ಯ ಕೊಟ್ಟರು. ಅದೇ ವರ್ಷ ಸ್ಕೂಲುಗಳಲ್ಲಿ ಸಂವಿಧಾನ ಪೀಠಿಕೆ ಓದಿಸೋದೂ ಶುರುವಾಯ್ತು. ಓದಿಸಲಿ, ಒಳ್ಳೇದೇ. ಆದರೆ ಈ ಹಗ್ಗಜಗ್ಗಾಟ ಎಲ್ಲಾ ಪುಸ್ತಕದಲ್ಲಿ ಯಾರ ಹೆಸರಿರಬೇಕು ಅನ್ನೋದಕ್ಕೆ. ಕ್ಲಾಸ್‌ರೂಮಲ್ಲಿ ಹೇಗೆ ಪಾಠ ಮಾಡ್ತಾರೆ ಅನ್ನೋದನ್ನ ಯಾರೂ ಕೇಳಲಿಲ್ಲ.

ಈಗ ಗಲ್ಲಿ ವಿಷಯಕ್ಕೇ ಬರೋಣ. ದೇವರಾಜ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿ ಆಗಿದ್ದಾಗ, 1970ರ ದಶಕದ ಶುರುವಿನಲ್ಲಿ, ತಲೆ ಮೇಲೆ ಮಲ ಹೊರುವ ಪದ್ಧತಿ ನಿಷೇಧ ಮಾಡಿದರು. ಇದೇ ವಿಷಯಕ್ಕೆ ಕೇಂದ್ರದ ಕಾಯ್ದೆ ಬಂದಿದ್ದು 1993ರಲ್ಲಿ. ಹತ್ತಿರ ಹತ್ತಿರ 20 ವರ್ಷ ಮುಂಚೆ ನಮ್ಮ ರಾಜ್ಯ ಮಾಡಿ ತೋರಿಸಿತ್ತು! ಆದರೆ ಬಸವಲಿಂಗಪ್ಪ ಅಂದ ತಕ್ಷಣ ನೆನಪಾಗೋದು 1973ರ 'ಬೂಸಾ' ಗಲಾಟೆ. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಿದ್ದಕ್ಕೆ ಅವರ ಮಂತ್ರಿಗಿರಿ ಹೋಯ್ತು. ಆ ಗಲಾಟೆಯ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿ ಬೆಳೀತು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ವರದಿ ಬಂತು. ಇವತ್ತಿಗೂ ಪೌರಕಾರ್ಮಿಕರು ಹೋರಾಟ ಮಾಡುವಾಗ ಅದರ ಹೆಸರು ಹೇಳ್ತಾರೆ. 2025ರ ಮೇ 1ಕ್ಕೆ ಬಿಬಿಎಂಪಿಯ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಆದೇಶ ಸಿಕ್ತು. ಬೆಳಗ್ಗೆ ನಿಮ್ಮ ಅಂಗಡಿ ಶಟರ್ ಮುಂದೆ ಗುಡಿಸೋರ ಕಥೆ ಇದು.

ಇದನ್ನ ಪಾಠ ಮಾಡೋದು ಸುಲಭ ಅಂತ ನಾನು ಹೇಳ್ತಿಲ್ಲ. ಶಿವಾಜಿನಗರ, ಹಲಸೂರಿನ ಸರ್ಕಾರಿ ಸ್ಕೂಲಲ್ಲಿ ಪೌರಕಾರ್ಮಿಕರ ಮಕ್ಕಳೇ ಬೆಂಚಿನ ಮೇಲೆ ಕೂತಿರ್ತಾರೆ. ನಿಮ್ಮಜ್ಜಿ ಏನು ಕೆಲಸ ಮಾಡ್ತಿದ್ರು ಅಂತ ಟೀಚರ್ ಎಲ್ಲರೆದುರು ಕೇಳಿಬಿಟ್ಟರೆ ಆ ಮಗು ನಾಳೆಯಿಂದ ಸ್ಕೂಲಿಗೇ ಬರದೆ ಇರಬಹುದು. ಅಮೆರಿಕದ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ತಿರುವನಂತಪುರದ ಒಂದು ಶಾಲೆಗೆ ಹೋಗಿದ್ರು. ದಲಿತ ಮಕ್ಕಳೆದುರು ಪ್ರಿನ್ಸಿಪಾಲ್ ಅವರನ್ನ ಅಮೆರಿಕದ ಅಸ್ಪೃಶ್ಯ ಅಂತ ಪರಿಚಯ ಮಾಡಿಕೊಟ್ಟಾಗ ಮೊದಲು ಬೇಜಾರಾಯ್ತು, ಆಮೇಲೆ ಯೋಚಿಸಿದಾಗ ಹೌದು ಅನ್ನಿಸ್ತು ಅಂತ ಆಮೇಲೆ ಹೇಳಿಕೊಂಡಿದ್ರು. ಅಷ್ಟು ದೊಡ್ಡ ಮನುಷ್ಯನಿಗೇ ಚುಚ್ಚಿದ ಮಾತು ಹದಿಮೂರು ವರ್ಷದ ಹುಡುಗಿಗೆ ಹೇಗಾಗಬೇಡ? ಹಾಗಾಗಿ ಮಗುವಿನ ಮನೆ ಬಗ್ಗೆ ಕೇಳೋದು ಬೇಡ, ಗಲ್ಲಿ ಬಗ್ಗೆ ಕೇಳಿ. ಯಾರು ಈ ದಾರಿ ಮಾಡಿಸಿದ್ರು, ಯಾಕೆ ಇಷ್ಟು ಕಿರಿದು, ಯಾವ ಕಾನೂನು ಇದನ್ನ ನಿಲ್ಲಿಸ್ತು. ಉತ್ತರ ಹುಡುಕೋ ಕೆಲಸ ಎಲ್ಲ ಮಕ್ಕಳಿಗೂ ಒಂದೇ ಆಗಿರಲಿ, ದೊಡ್ಡ ಮನೆಯ ಹುಡುಗನಿಗೂ.

ಇದಕ್ಕೆ ಹೊಸ ಸಮಿತಿ ಬೇಕಿಲ್ಲ, ಪೂರಕ ಪಠ್ಯವೂ ಬೇಕಿಲ್ಲ. ಎಫ್‌ಎ ಚಟುವಟಿಕೆ ಅಂತ ಮಕ್ಕಳು ಸ್ಟೇಷನರಿ ಅಂಗಡಿಗೆ ಬಂದು ಚಾರ್ಟ್ ಶೀಟು, ಅಂಬೇಡ್ಕರ್ ಫೋಟೋ ತಗೊಂಡು ಹೋಗಿ ಅಂಟಿಸ್ತಾರಲ್ಲ, ಆ ಚಟುವಟಿಕೆಯಲ್ಲೇ ಇದನ್ನ ಮಾಡಿಸಬಹುದು. ಕೆ.ಆರ್. ಪುರದ ಕಡೆ ಕನ್ಸರ್ವೆನ್ಸಿ ಲೇನ್ ಇಲ್ಲದಿದ್ದರೆ ಊರಿನ ಹಳೇ ಬಾವಿ, ನಲ್ಲಿ ಕಟ್ಟೆ ಇದ್ದೇ ಇರುತ್ತೆ. ಯಾರು ಮುಟ್ಟಬಹುದಿತ್ತು, ಯಾರು ದೂರ ನಿಲ್ಲಬೇಕಿತ್ತು ಅನ್ನೋ ಪ್ರಶ್ನೆ ಅಲ್ಲೂ ಕೇಳಬಹುದು.

ಆ ಕಾಲ ಕಣ್ಣಾರೆ ಕಂಡ ಹಿರಿಯ ಅಂಗಡಿಯವರು, ರಿಟೈರ್ ಆದ ಪೌರಕಾರ್ಮಿಕರು ಇನ್ನೂ ನಮ್ಮ ನಡುವೆ ಇದ್ದಾರೆ. ಒಪ್ಪಿದರೆ ಒಂದು ಪಿರಿಯಡ್‌ಗೆ ಕರೆಸಿ ಮಾತಾಡಿಸಿ. ಬೇಗ ಕರೆಸಿ, ಬಸವಲಿಂಗಪ್ಪ ಮಂತ್ರಿ ಆಗಿದ್ದಾಗ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.