ಊರಲ್ಲಿ ಆನ್‌ಕಾಲ್ ಯಾರು?

ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ‘ಆನ್‌ಕಾಲ್’ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಮೊದಲು ಯಾರನ್ನು ಎಬ್ಬಿಸಬೇಕು, ಅವರು ಫೋನ್ ಎತ್ತದಿದ್ದರೆ ಮುಂದಿನವರು ಯಾರು, ಎದ್ದವರು ಮೊದಲು ಏನು ಮಾಡಬೇಕು, ಎಲ್ಲ ಬರೆದಿಟ್ಟಿರುತ್ತದೆ. ಒಬ್ಬನೇ ಮನುಷ್ಯನ ಮೇಲೆ ಎಲ್ಲ ನಿಂತಿದೆ ಅಂದರೆ ಯಾವ ಮ್ಯಾನೇಜರೂ ಒಪ್ಪುವುದಿಲ್ಲ.

ಈಗ ಊರಿನ ಮನೆ ನೆನಪಿಸಿಕೊಳ್ಳಿ. ಅಲ್ಲಿ ಅಮ್ಮನೋ, ಅಪ್ಪನೋ, ಅಜ್ಜಿಯೋ ಒಬ್ಬರೇ ಇದ್ದಾರೆ. ನಡುರಾತ್ರಿ ಎದೆ ನೋವು ಬಂದರೆ ಯಾರಿಗೆ ಫೋನ್ ಮಾಡುತ್ತಾರೆ? ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ: ಬೆಂಗಳೂರಿನಲ್ಲಿರುವ ಮಗನಿಗೆ, ಪುಣೆಯಲ್ಲಿರುವ ಮಗಳಿಗೆ. ನಾವು ಮೊದಲ ರಿಂಗಿಗೇ ಎತ್ತಬಹುದು. ಆದರೆ ರಾತ್ರಿ ಬಸ್ಸು ಹತ್ತಿದರೂ ತಲುಪುವುದು ಮರುದಿನ ಬೆಳಿಗ್ಗೆ. ಮೊದಲ ಅರ್ಧ ಗಂಟೆ ನಮ್ಮ ಕೈಯಲ್ಲಿ ಇಲ್ಲವೇ ಇಲ್ಲ. ಅದು ಪಕ್ಕದ ಮನೆಯವರ ಕೈಯಲ್ಲಿದೆ.

ಹಿರಿಯರ ತುರ್ತು ಸಿದ್ಧತೆ ಅಂತ ಹುಡುಕಿದರೆ ಉದ್ದುದ್ದ ಪಟ್ಟಿಗಳು ಸಿಗುತ್ತವೆ: ಕೈಗೆ ಕಟ್ಟುವ ಅಲಾರಂ, ಬ್ಯಾಟರಿ ರೇಡಿಯೋ, ತಿಂಗಳಿಗಾಗುವಷ್ಟು ಡಬ್ಬಿ ಊಟ. ನಮ್ಮ ಊರುಗಳ ಹಿರಿಯರ ವರಮಾನ ನೋಡಿ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಮನೆಯೊಡತಿಯಾಗಿದ್ದರೆ ಗೃಹಲಕ್ಷ್ಮಿಯ 2,000. ಖಾಸಗಿ ಕೆಲಸ ಮಾಡಿ ನಿವೃತ್ತರಾದವರಿಗೆ ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ 2014ರಿಂದಲೂ 1,000. ಇಷ್ಟರಲ್ಲಿ ಅಕ್ಕಿ, ಬೇಳೆ, ಗ್ಯಾಸು, ಮಾತ್ರೆ ಎಲ್ಲ ನಡೆಯಬೇಕು. ನಾವು ಒಂದಿಷ್ಟು ಕಳಿಸುತ್ತೇವೆ, ನಿಜ. ಆದರೆ ಅದನ್ನೂ ಮುಟ್ಟದೆ ‘ಇರಲಿ, ಕಷ್ಟಕ್ಕೆ’ ಅಂತ ಎತ್ತಿಡುವ ಪೀಳಿಗೆ ಅದು.

ಹಾಗಾಗಿ ಅವರ ಮಟ್ಟಿಗೆ ದೊಡ್ಡ ಅಪಾಯ ಬೇರೆ ಎರಡು. ಒಂದು, ಖರ್ಚಿನ ಭಯ. ಇನ್ನೊಂದು, ಯಾರಿಗಾದರೂ ತೊಂದರೆ ಕೊಟ್ಟೇನು ಅನ್ನುವ ಸಂಕೋಚ. ಈ ಎರಡರಿಂದಾಗಿಯೇ ಅವರು ಬೆಳಗಾಗಲಿ ಅಂತ ಕಾಯುತ್ತಾರೆ. ಯಾವ ಕಿಟ್ಟೂ ಇದಕ್ಕೆ ಮದ್ದಲ್ಲ.

ನನ್ನ ಸೋದರತ್ತೆ ಇರುವುದು ಮುಧೋಳ ತಾಲ್ಲೂಕಿನಲ್ಲಿ, ಘಟಪ್ರಭಾ ದಂಡೆಯ ಊರು. ಒಬ್ಬರೇ ಇದ್ದಾರೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಅವರ ಓಣಿಗೂ ನೀರು ಬಂತು. ಉಟ್ಟ ಸೀರೆಯ ಜೊತೆ ಒಂದು ಬಟ್ಟೆ ಗಂಟು ಹಿಡಿದು ಶಾಲೆಯಲ್ಲಿದ್ದ ಪರಿಹಾರ ಕೇಂದ್ರಕ್ಕೆ ಹೋದರು. ಅಲ್ಲಿ ಊಟ ಇತ್ತು, ಹಾಸಿಗೆ ಇತ್ತು, ಡಾಕ್ಟರೂ ಬರುತ್ತಿದ್ದರು. ಇರದೇ ಇದ್ದದ್ದು ಅತ್ತೆಯ ಬಿಪಿ ಮಾತ್ರೆಯ ಹೆಸರು. ‘ಸಣ್ಣ ಬಿಳಿ ಗುಳಿಗಿ ರೀ, ಮುಂಜಾನೆ ಒಂದು’ ಅಂದರಂತೆ. ಬಿಪಿ ಮಾತ್ರೆಗಳಲ್ಲಿ ಅರ್ಧಕ್ಕರ್ಧ ಸಣ್ಣವು, ಬಿಳಿಯವು. ಚೀಟಿ ಮನೆಯ ಕಪಾಟಿನಲ್ಲಿ, ಕಪಾಟು ನೀರಿನಲ್ಲಿ. ಡಾಕ್ಟರು ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿ ಮಾತ್ರೆ ಹೊಂದಿಸಬೇಕಾಯಿತು. ನೀರು ನುಗ್ಗಿದ ಮನೆಗಳಿಗೆ ಸರ್ಕಾರ ತಕ್ಷಣಕ್ಕೆ 10,000 ರೂಪಾಯಿ ಪರಿಹಾರ ಕೊಟ್ಟಿತು. ಅದನ್ನು ಪಡೆಯಲು ಬೇಕಾದ ಪಾಸ್‌ಬುಕ್ಕೂ ಆಧಾರ್ ಕಾರ್ಡೂ ಅದೇ ಕಪಾಟಿನಲ್ಲಿದ್ದವು.

ಆ ಮನೆಯನ್ನೇ ಮುಂದಿಟ್ಟುಕೊಂಡು ನಾವು ಮಾಡಿದ ಏರ್ಪಾಡನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಗೆ ಬೇಕಾದಂತೆ ಬದಲಿಸಿಕೊಳ್ಳಿ.

ಮೊದಲು ಮೂವರು ಮನುಷ್ಯರು

ಮೂವರ ಪೈಕಿ ಒಬ್ಬರು ಕೂಗಿದರೆ ಕೇಳಿಸುವಷ್ಟು ಹತ್ತಿರ ಇರಬೇಕು. ಇನ್ನೊಬ್ಬರ ಬಳಿ ಗಾಡಿ ಇರಬೇಕು. ಮತ್ತೊಬ್ಬರಿಗೆ ಆಸ್ಪತ್ರೆಯ ಒಳಹೊರಗು ಗೊತ್ತಿರಬೇಕು. ಅತ್ತೆಯ ಪಟ್ಟಿಯಲ್ಲಿ ಎದುರು ಮನೆಯ ಅಜ್ಜಿ, ಓಣಿಯಲ್ಲಿ ಟಂಟಂ ಓಡಿಸುವ ಹುಡುಗ ಮತ್ತು ಊರಿನ ಆಶಾ ಕಾರ್ಯಕರ್ತೆ ಇದ್ದಾರೆ. ಮನೆಯ ಇನ್ನೊಂದು ಕೀಲಿ ಎದುರು ಮನೆಯಲ್ಲಿದೆ.

ಇಲ್ಲಿ ದುಡ್ಡಿನ ವಿಷಯ ಮುಚ್ಚಿಡಬಾರದು. ನೆರೆಯವರೂ ನಮ್ಮ ಹಿರಿಯರಷ್ಟೇ ಕೈಬಿಗಿ ಇರುವವರು. ಮಧ್ಯರಾತ್ರಿ ಗಾಡಿಗೆ ಡೀಸೆಲ್ ಹಾಕಿಸಿ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಮೇಲಿನ ಖರ್ಚನ್ನೂ ಅವರೇ ಹಾಕಲಿ ಅನ್ನುವುದು ನ್ಯಾಯವಲ್ಲ. ಆ ಹುಡುಗನ ಯುಪಿಐ ನಂಬರು ನನ್ನ ಫೋನಿನಲ್ಲಿದೆ. ಒಂದು ಕರೆ ಬಂದರೆ ಸಾಕು, ಮೊದಲು ದುಡ್ಡು ಹೋಗುತ್ತದೆ, ಮಾತು ಆಮೇಲೆ ಅಂತ ಮೊದಲೇ ಹೇಳಿಟ್ಟಿದ್ದೇನೆ.

ಅತ್ತೆಯನ್ನು ಒಪ್ಪಿಸುವುದೇ ಕಷ್ಟವಾಯಿತು. ‘ಮಂದಿಗೆ ಯಾಕ ತ್ರಾಸ ಕೊಡೂದು ತಮ್ಮಾ? ಬೆಳಕ ಹರೀಲಿ, ನೋಡೂಣಂತ’ ಅನ್ನುವುದು ಅವರ ಖಾಯಂ ಮಾತು. ಕೊನೆಗೆ ದಾರಿ ಹುಡುಕಿದ್ದೂ ಅವರೇ. ಎದುರು ಮನೆಯ ಅಜ್ಜಿಯೂ ಒಂಟಿ. ಅತ್ತೆ ಹೋಗಿ ಹೇಳಿದರಂತೆ: ‘ನಾ ಮುಂಜಾನೆ ಅಂಗಳಕ್ಕ ನೀರ ಹೊಡದಿಲ್ಲಂದ್ರ ಬಂದು ಬಾಗಲಾ ಬಡಿ. ನೀ ಹೊಡದಿಲ್ಲಂದ್ರ ನಾ ಬರ್ತೀನಿ.’ ಸರ್ವರ್ ಬದುಕಿದೆಯಾ ಅಂತ ನಿಮಿಷಕ್ಕೊಮ್ಮೆ ಕೇಳಲು ನಾವು ಪ್ರೋಗ್ರಾಂ ಬರೆಯುತ್ತೇವೆ. ಇವರಿಬ್ಬರು ಒಂದು ಬಕೆಟ್ ನೀರಿನಲ್ಲಿ ಅದನ್ನು ಮುಗಿಸಿದರು. ಉಪಕಾರ ಕೇಳುವುದು ಇಬ್ಬರ ನಡುವಿನ ಕೊಡುಕೊಳ್ಳುವಿಕೆಯಾದ ಕೂಡಲೇ ಅತ್ತೆಯ ಸಂಕೋಚ ಹೋಯಿತು. ನಿಮ್ಮ ಮನೆಯ ಹಿರಿಯರು ‘ಬೇಡ’ ಅಂದರೆ ಈ ದಾರಿ ನೋಡಿ: ಅವರನ್ನು ನೋಡಿಕೊಳ್ಳಲು ಒಬ್ಬರನ್ನು ಹುಡುಕುವ ಬದಲು, ಅವರು ನೋಡಿಕೊಳ್ಳಬಹುದಾದ ಒಬ್ಬರನ್ನು ಹುಡುಕಿ.

ಗೋಡೆಯ ಮೇಲೆ ಒಂದು ಹಾಳೆ

ಕ್ಯಾಲೆಂಡರ್ ಪಕ್ಕದಲ್ಲಿ, ಕನ್ನಡಕ ಇಲ್ಲದೆಯೂ ಓದುವಷ್ಟು ದಪ್ಪ ಅಕ್ಷರದಲ್ಲಿ. ಮೇಲೆ 108, ಆಂಬುಲೆನ್ಸ್. ಅದರ ಕೆಳಗೆ 112, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ. ಆಮೇಲೆ ಆ ಮೂವರ ಹೆಸರು, ನಂಬರು. ನಮ್ಮ ನಂಬರು ಕೊನೆಗೆ. ಈ ಕ್ರಮವೇ ಮುಖ್ಯ. ‘ಮೊದಲು 108, ಆಮೇಲೆ ಎದುರು ಮನೆ, ಆಮೇಲೆ ನಾನು’ ಅಂತ ನಾವೇ ಬಾಯಿಬಿಟ್ಟು ಹೇಳಿದರೆ ಮಾತ್ರ ಅವರು ಹಾಗೆ ಮಾಡುತ್ತಾರೆ.

ಅದೇ ಹಾಳೆಯಲ್ಲಿ ಮನೆಗೆ ಬರುವ ದಾರಿಯ ಗುರುತು ಬರೆಯಿರಿ: ಯಾವ ಗುಡಿಯ ಹಿಂದೆ, ಯಾವ ಶಾಲೆಯ ಎದುರು. ಗಾಬರಿಯಲ್ಲಿ ಸ್ವಂತ ಮನೆಯ ವಿಳಾಸವೂ ಬಾಯಿಗೆ ಬರುವುದಿಲ್ಲ. ಕಾಯಿಲೆಗಳು, ಒಗ್ಗದ ಔಷಧಿ ಮತ್ತು ಮಾತ್ರೆಗಳ ಹೆಸರೂ ಇರಲಿ. ಕಂಪನಿಯ ಹೆಸರಲ್ಲ, ಒಳಗಿನ ಔಷಧಿಯ ಹೆಸರು. ‘ಆಮ್ಲೋಡಿಪಿನ್ 5 ಮಿ.ಗ್ರಾಂ, ಬೆಳಿಗ್ಗೆ ಒಂದು’ ಅಂತಿದ್ದರೆ ಯಾವ ಊರಿನ ಡಾಕ್ಟರಿಗೂ ಅರ್ಥವಾಗುತ್ತದೆ. ಕೀಪ್ಯಾಡ್ ಫೋನಾದರೆ ಒಂದೇ ಗುಂಡಿ ಒತ್ತಿ ಹಿಡಿದರೆ ಕರೆ ಹೋಗುವಂತೆ ಸ್ಪೀಡ್ ಡಯಲ್ ಹಾಕಿಕೊಡಿ.

ಹಿರಿಯ ನಾಗರಿಕರಿಗೆಂದೇ 14567 ಎಂಬ ಸಹಾಯವಾಣಿಯೂ ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಪಿಂಚಣಿ, ಕಾನೂನು, ಕಿರುಕುಳದಂಥ ವಿಷಯಕ್ಕೆ ಅದು. ಪ್ರಾಣದ ಪ್ರಶ್ನೆಗೆ ಅದಲ್ಲ.

ನಮಗೂ ಒಂದು ಕೆಲಸ ಇದೆ. ಇಂಥ ಚಿಕ್ಕ ನಂಬರುಗಳು ಕರೆ ಮಾಡಿದವರು ಎಲ್ಲಿದ್ದಾರೋ ಅಲ್ಲಿಯ ಕೇಂದ್ರಕ್ಕೆ ಹೋಗುತ್ತವೆ. ಪುಣೆಯಿಂದ 112 ಒತ್ತಿದರೆ ಎತ್ತುವುದು ಮಹಾರಾಷ್ಟ್ರದವರು. ಅಮೆರಿಕದಿಂದಂತೂ ಊರಿಗೆ ಹೋಗುವುದೇ ಇಲ್ಲ. ಆದ್ದರಿಂದ ತಾಲ್ಲೂಕು ಆಸ್ಪತ್ರೆ, ಪೊಲೀಸ್ ಠಾಣೆ, ಜಿಲ್ಲಾ ಕಂಟ್ರೋಲ್ ರೂಮ್ ಇವುಗಳ ಎಸ್‌ಟಿಡಿ ಕೋಡ್ ಸಮೇತ ಪೂರ್ತಿ ನಂಬರುಗಳು ನಿಮ್ಮ ಫೋನಿನಲ್ಲಿರಲಿ.

ಬಾಗಿಲ ಬಳಿ ಒಂದು ಚೀಲ

ನೀರು ಒಳಹೋಗದ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಿಂಚಣಿ ಆದೇಶ ಇವುಗಳ ಜೆರಾಕ್ಸ್, ನಾಲ್ಕು ಫೋಟೋ, ಡಾಕ್ಟರ ಚೀಟಿ. ಎಲ್ಲದರ ಫೋಟೋ ನಿಮ್ಮ ಫೋನಿನಲ್ಲೂ ಇರಲಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಈಗಲೂ ನಡೆಯುತ್ತಿದೆಯಾ ನೋಡಿ. ಎಂದೋ ಬಿಟ್ಟ ಸಿಮ್ಮಿಗೆ ಒಟಿಪಿ ಹೋಗುತ್ತಿದ್ದರೆ ಕಷ್ಟಕಾಲದಲ್ಲಿ ಯಾವ ಕೆಲಸವೂ ಮುಂದೆ ಸಾಗುವುದಿಲ್ಲ.

ಚೀಲದಲ್ಲಿ ಐನೂರು ರೂಪಾಯಿ, ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ. ಕರೆಂಟು, ನೆಟ್‌ವರ್ಕ್ ಎರಡೂ ಹೋದ ದಿನ ನಡೆಯುವುದು ಚಿಲ್ಲರೆ ಮಾತ್ರ. ಟಾರ್ಚ್, ಹಳೆಯ ಕನ್ನಡಕ, ಒಂದು ಸೀಟಿ. ಬಿದ್ದು ಏಳಲಾಗದಿದ್ದಾಗ ಕೂಗುವ ಶಕ್ತಿ ಬೇಗ ಮುಗಿಯುತ್ತದೆ, ಸೀಟಿ ಊದಲು ಅಷ್ಟು ಶಕ್ತಿ ಬೇಡ.

ಹತ್ತು ದಿನದ ಮಾತ್ರೆಯೂ ಅದರಲ್ಲೇ. ಪ್ರತಿ ತಿಂಗಳು ಹೊಸ ಮಾತ್ರೆ ತಂದಾಗ ಚೀಲದ್ದನ್ನು ಬಳಸಿ, ಹೊಸತನ್ನು ಚೀಲಕ್ಕೆ ಹಾಕಬೇಕು. ಇಲ್ಲದಿದ್ದರೆ ಅವಧಿ ಮುಗಿದ ಮಾತ್ರೆ ಕಾಯುತ್ತಾ ಕುಳಿತಿರುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಅಲ್ಲಿ ಸಿಗದಿದ್ದರೆ ಜನೌಷಧಿ ಕೇಂದ್ರದಲ್ಲಿ ಬಹಳ ಅಗ್ಗ. ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಕರೆಂಟು ದಿನಗಟ್ಟಲೆ ಹೋದರೆ, ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒದ್ದೆ ಮಾಡಿದ ಮಣ್ಣಿನ ಮಡಕೆಯೊಳಗೆ ನೆರಳಲ್ಲಿಟ್ಟರೆ ಸೆಕೆಯಿಂದ ಕಾಪಾಡಬಹುದು.

ಇದಲ್ಲದೆ ಬಚ್ಚಲಲ್ಲಿ ಜಾರದ ಮ್ಯಾಟು, ಕರೆಂಟು ಹೋದಾಗ ತಾನೇ ಹೊತ್ತಿಕೊಳ್ಳುವ ಒಂದು ಬಲ್ಬು ಹಾಕಿಸಿದೆವು. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವುದಿಲ್ಲ ಅಂತ ಒಂದು ಮಾತೂ ಆಯಿತು. ಚೀಲದ ದುಡ್ಡು ಬಿಟ್ಟರೆ ಒಟ್ಟು ಖರ್ಚು ಸಾವಿರ ರೂಪಾಯಿ ದಾಟಲಿಲ್ಲ.

ಖರ್ಚಿನ ಭಯಕ್ಕೆ ಉತ್ತರ

ಇದೇ ಎಲ್ಲಕ್ಕಿಂತ ಮುಖ್ಯವಾದ ಭಾಗ, ಯಾಕೆಂದರೆ ಇದು ಗೊತ್ತಿಲ್ಲದೆಯೇ ಹಿರಿಯರು ಬೆಳಗಿನವರೆಗೆ ಕಾಯುವುದು. 108 ಆಂಬುಲೆನ್ಸಿಗೆ ದುಡ್ಡಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ನಿಗದಿತ ವೆಚ್ಚದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸಾಮಾನ್ಯ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ತುರ್ತು ಚಿಕಿತ್ಸೆಗೆ ಬೇಡ. ಕಾರ್ಡು ಇನ್ನೂ ಮಾಡಿಸಿಲ್ಲದಿದ್ದರೆ ಮುಂದಿನ ಸಲ ಊರಿಗೆ ಹೋದಾಗ ಮೊದಲ ಕೆಲಸ ಅದೇ ಆಗಲಿ.

ಹೃದಯಾಘಾತಕ್ಕೆ ಸಂಬಂಧಿಸಿದಂತೆ ಇನ್ನೊಂದು ವಿಷಯ. 2021ರ ಅಕ್ಟೋಬರ್ 29ರಂದು ಅಪ್ಪು ಹೋದದ್ದು ನಮಗೆ ಯಾರಿಗೂ ಮರೆತಿಲ್ಲ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ಯೋಜನೆಗೆ ಸೇರಿದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಂದ ಓದಿಸುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದು ಬೇಕಿದ್ದರೆ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಇದು ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ, ಹಾಳೆಯ ಮೇಲೆ ಆ ಆಸ್ಪತ್ರೆಯ ಹೆಸರು ಬರೆಯಿರಿ.

ಲಕ್ವಾಕ್ಕೂ ಗಡಿಯಾರ ಇದೆ. ಮುಖ ಒಂದು ಕಡೆ ಜೋತರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಮಲಗಿಸಿ ಕಾಯುವಂತಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಟ್ಟಾಗಿರಬೇಕು, ಹಾಗಾಗಿ ಅದಕ್ಕೂ ಮುಂಚೆಯೇ, ಅದೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ತಲುಪಬೇಕು. ಎದುರು ಮನೆಯವರಿಗೂ ಈ ಮೂರು ಲಕ್ಷಣ ಹೇಳಿಕೊಡಿ. ಲಕ್ವಾ ಹೊಡೆದವರಿಗೆ ತಮಗೆ ಏನಾಗಿದೆ ಅಂತ ತಿಳಿಯದೇ ಇರಬಹುದು.

ಆಗಾಗ ಒಂದು ಪ್ರಶ್ನೆ

ಪರೀಕ್ಷೆ ಮಾಡದ ಬ್ಯಾಕಪ್ಪನ್ನು ನಾವು ಬ್ಯಾಕಪ್ ಅನ್ನುವುದಿಲ್ಲ. ಮೂರು ತಿಂಗಳಿಗೊಮ್ಮೆ ಮಾತಿನ ನಡುವೆ ಕೇಳಿ: ‘ಈಗ ಕರೆಂಟು ಹೋಗಿ ನಿಮಗೆ ತಲೆ ತಿರುಗಿದರೆ ಏನು ಮಾಡುತ್ತೀರಿ?’ ಟಾರ್ಚ್ ಎಲ್ಲಿದೆ, ಮೊದಲ ಕರೆ ಯಾರಿಗೆ ಅಂತ ಅವರ ಬಾಯಿಂದಲೇ ಬರಲಿ. 108ಕ್ಕೆ ಸುಮ್ಮನೆ ಕರೆ ಮಾಡಿ ನೋಡುವುದು ಬೇಡ. ಮೂವರ ನಂಬರು ಬದಲಾಗಿಲ್ಲ ತಾನೇ ಅಂತ ನೋಡಿದರೆ ಸಾಕು. ಮಳೆಗಾಲದ ಮುಂಚೆ ಒಮ್ಮೆ ಚೀಲ ಬಿಚ್ಚಿ ನೋಡಲು ಹೇಳಿ.

ಈ ವಾರ ಇದೆಲ್ಲ ಮಾಡಲು ಆಗದಿದ್ದರೆ ಒಂದೇ ಕೆಲಸ ಮಾಡಿ. ಭಾನುವಾರ ಅಮ್ಮನಿಗೆ ಹೇಗೂ ಫೋನ್ ಮಾಡುತ್ತೀರಿ. ಅದು ಮುಗಿದ ಮೇಲೆ ಪಕ್ಕದ ಮನೆಯವರಿಗೂ ಒಂದು ಫೋನ್ ಮಾಡಿ. ಅವರ ಮಕ್ಕಳ ಓದು, ಆರೋಗ್ಯ, ಮಳೆಬೆಳೆ ವಿಚಾರಿಸಿ. ನಂಬರು ಇಲ್ಲದಿದ್ದರೆ ಅಮ್ಮನ ಹತ್ತಿರವೇ ಕೇಳಿ ತೆಗೆದುಕೊಳ್ಳಿ.